ಅಮ್ಮನಿಗೂ ಅಕ್ಕನಿಗೂ ಥೈರಾಯ್ಡ್ ಕಾಯಿಲೆ ಇದ್ದರೆ ನನಗೂ ಬಂದೇ ಬರುತ್ತದಾ?
ಅಮ್ಮ, ಅಕ್ಕ ಇಬ್ಬರಿಗೂ ಹಾಶಿಮೊಟೊ (ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿ ಮಾಡುವ ಕಾಯಿಲೆ) ಇದೆ, ನಿಮಗೆ ಹೆರಿಗೆಯಾಗಿ ನಾಲ್ಕು ತಿಂಗಳು, ಮುಂಜಾಗ್ರತೆಗೆ ಅಯೋಡಿನ್ ಮಾತ್ರೆ ಶುರು ಮಾಡಲೇ ಅಂತ ಕೇಳಿದ್ದೀರಿ. ದಯವಿಟ್ಟು ನೀವಾಗಿಯೇ ಶುರು ಮಾಡಬೇಡಿ. ಅಯೋಡಿನ್ ಕಡಿಮೆಯಾದರೆ ತೊಂದರೆ ನಿಜ, ಆದರೆ ಇಂಥ ಮನೆತನದವರಲ್ಲಿ ಅದು ಅತಿಯಾದರೂ ಥೈರಾಯ್ಡ್ ಕೆಡಬಹುದು.

ಬಂದೇ ಬರುತ್ತದೆ ಅಂತೇನಿಲ್ಲ. ಒಂದೇ ಜೀನುಗಳಿರುವ ಅವಳಿಗಳಲ್ಲೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದೇ ಇರುವುದುಂಟು. ಆದರೂ ನಿಮಗೆ ಅಪಾಯ ಉಳಿದವರಿಗಿಂತ ಹೆಚ್ಚು: ಹೆಣ್ಣು, ರಕ್ತಸಂಬಂಧದಲ್ಲಿ ಕಾಯಿಲೆ, ಮೇಲಾಗಿ ಹೆರಿಗೆಯ ನಂತರದ ಮೊದಲ ವರ್ಷ. ಗರ್ಭಿಣಿಯಾಗಿದ್ದಾಗ ತಗ್ಗಿದ್ದ ರೋಗನಿರೋಧಕ ವ್ಯವಸ್ಥೆ ಈಗ ಮತ್ತೆ ಚುರುಕಾಗುತ್ತದೆ, ಕೆಲವರಲ್ಲಿ ಥೈರಾಯ್ಡ್ ಮೇಲೆಯೇ ತಿರುಗಿಬೀಳುತ್ತದೆ.

ನನ್ನ ತಂಗಿಗೆ ಹೀಗೇ ಆಯಿತು. ಬಾಚಣಿಗೆ ತುಂಬ ಕೂದಲು, ಮಗು ಎತ್ತಿಕೊಂಡು ನಾಲ್ಕು ಮೆಟ್ಟಿಲು ಹತ್ತಿದರೆ ಸುಸ್ತು. ನಿದ್ದೆಗೆಟ್ಟಿದ್ದಕ್ಕೆ ಅಂದುಕೊಂಡು ಮೂರು ತಿಂಗಳು ಕಳೆದೆವು. ಆ ಮೂರು ತಿಂಗಳ ಬಗ್ಗೆ ನನಗೆ ಈಗಲೂ ಬೇಸರವಿದೆ.

ಥೈರಾಯ್ಡ್ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆಯ ಜೊತೆ, ದೇಹ ಥೈರಾಯ್ಡ್ ಮೇಲೆ ತಿರುಗಿಬಿದ್ದಿದೆಯೇ ಎಂಬ ಸುಳಿವು ಕೊಡುವ ಟಿಪಿಒ ಆಂಟಿಬಾಡಿ ಪರೀಕ್ಷೆಯನ್ನೂ ವೈದ್ಯರ ಹತ್ತಿರ ಕೇಳಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ, ಅದು ವರದಿಯನ್ನೇ ಏರುಪೇರು ಮಾಡಬಹುದು. ನಿಮಗೆ ಟೈಪ್ 1 ಮಧುಮೇಹ, ತೊನ್ನು ಇದ್ದರೆ ಅದನ್ನೂ ಹೇಳಿ, ಅವೂ ರೋಗನಿರೋಧಕ ವ್ಯವಸ್ಥೆ ನಮ್ಮ ಮೇಲೆಯೇ ತಿರುಗಿಬೀಳುವ ಕಾಯಿಲೆಗಳೇ.