ಆಪಲ್, ಬನಾನಾ ಬಿಡಿ. ಕಿತ್ತೂರು, ಡಂಬಳದ ಕಥೆ ಬರೆಯಿರಿ

ನಮಸ್ಕಾರ,

'ಎಕ್ಸೆಲ್‌ನಲ್ಲಿ ಅಕ್ಷರ ಹಿಡಿದು ಎಣಿಸುವುದು ಹೇಗೆ' ಅನ್ನೋ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಆದರೂ ಇಷ್ಟುದ್ದ ಉತ್ತರ ಬರೆಯುತ್ತಿರುವುದು ಕೊನೆಯ ಪುಟದಲ್ಲಿ ನೀವು ಸುಮ್ನೆ ಹೇಳಿ ದಾಟಿಬಿಟ್ಟ ನಾಲ್ಕು ಸಾಲಿಗಾಗಿ.

ಮೊದಲು ಕತ್ತರಿ. 'ಇಂದಿನ ಯುಗದಲ್ಲಿ ಕಂಪ್ಯೂಟರ್ ನಮ್ಮ ಬದುಕಿನ ಅವಿಭಾಜ್ಯ ಅಂಗ' ಅಂತ ಶುರುವಾಗುವ ಒಂದೂವರೆ ಪುಟ ಪೂರ್ತಿ ಹೋಗಲಿ. ಅದನ್ನು ಯಾರೂ ಓದುವುದಿಲ್ಲ. ನಾನು ಓದಿದ್ದು ಸಂಬಳ ಕೊಡ್ತಾರೆ ಅಂತ.

ಆಮೇಲೆ ಆಪಲ್, ಬನಾನಾ, ಆರೆಂಜ್ ಪಟ್ಟಿ. ಇದು ಎಲ್ಲ ಇಂಗ್ಲಿಷ್ ಪಾಠದಲ್ಲೂ ಇರುತ್ತದೆ. ಕೌಂಟ್‌ಇಫ್ ಅನ್ನೋ ಎಣಿಕೆ ಸೂತ್ರದಲ್ಲಿ "ಕ*" ಅಂತ, ಅಂದರೆ ಕ ಆದಮೇಲೆ ಏನಿದ್ದರೂ ಸರಿ ಅಂತ, ಕೊಟ್ಟರೆ ಕ ಅಕ್ಷರದಿಂದ ಶುರುವಾಗುವ ಸಾಲುಗಳೆಲ್ಲ ಲೆಕ್ಕಕ್ಕೆ ಸಿಗುತ್ತವೆ. ಇಷ್ಟು ಹೇಳಲು ಒಂದು ಸಾಲು ಸಾಕು. ಕನ್ನಡದ ಓದುಗನಿಗೆ ಬೇಕಿರುವುದು ಮುಂದಿನ ಪ್ರಶ್ನೆಗೆ ಉತ್ತರ: ಕಾ, ಕಿ, ಕು ಇವೂ ಸೇರುತ್ತವಾ? ಸೇರುತ್ತವೆ. ಎಲ್ಲ ಭಾಷೆಯ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಪದ್ಧತಿ ಯೂನಿಕೋಡ್. ಯೂನಿಕೋಡ್‌ನಲ್ಲಿ 'ಕಾ' ಅಂದರೆ ಮೊದಲು ಕ, ಆಮೇಲೆ ದೀರ್ಘದ ಚಿಹ್ನೆ. ಹಾಗಾಗಿ ಇಡೀ ಕಾಗುಣಿತ ಒಂದೇ ಏಟಿಗೆ ಸಿಗುತ್ತದೆ. ಕ್ಷಮಾ ಕೂಡ ಅದರಲ್ಲೇ ಬರುತ್ತಾಳೆ. ಜ್ಞಾನೇಶ ಜ ಲೆಕ್ಕಕ್ಕೆ ಹೋಗುತ್ತಾನೆ. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಉದಾಹರಣೆ ಬೇಕಾದರೆ ಕನ್ನಡಕ್ಕೆ ಜ್ಞಾನಪೀಠ ತಂದ ಎಂಟು ಜನರನ್ನು ಒಂದು ಕಾಲಮ್ಮಿನಲ್ಲಿ ಬರೆಯಿರಿ. 1967ರ ಕುವೆಂಪು ಅವರಿಂದ 2010ರ ಚಂದ್ರಶೇಖರ ಕಂಬಾರರವರೆಗೆ. "ಕ*" ಕೊಟ್ಟರೆ ಉತ್ತರ 1, ಕುವೆಂಪು ಮಾತ್ರ. ಕಾರಂತ, ಕಾರ್ನಾಡ, ಕಂಬಾರ ಮೂವರೂ ತಪ್ಪಿಹೋದರು, ಯಾಕೆಂದರೆ ಅವರ ಸಾಲು ಶಿ, ಗಿ, ಚಂ ಅಂತ ಶುರುವಾಗುತ್ತದೆ. ಅವರನ್ನು ಹಿಡಿಯಲು ನಕ್ಷತ್ರ, ಒಂದು ಖಾಲಿ ಜಾಗ, ಕ, ಮತ್ತೆ ನಕ್ಷತ್ರ ಕೊಟ್ಟು ನೋಡಿ. ಮೂರು ಬರಬೇಕಿತ್ತು, ನಾಲ್ಕು ಬಂದರೂ ಬರಬಹುದು! ಗೋಕಾಕರ ಹೆಸರನ್ನು 'ವಿ. ಕೃ. ಗೋಕಾಕ' ಅಂತ ಜಾಗ ಬಿಟ್ಟು ಬರೆದಿದ್ದರೆ ಆ 'ಕೃ' ಕೂಡ ಸಿಕ್ಕಿಬೀಳುತ್ತದೆ. ಇಂಥದ್ದು ಓದುಗನಿಗೆ ಮಜಾ ಕೊಡುತ್ತದೆ, ತಲೆಯಲ್ಲೂ ಉಳಿಯುತ್ತದೆ. ಇನಿಶಿಯಲ್‌ನ ಕಾಟವನ್ನೂ ಇಲ್ಲೇ ಸೇರಿಸಿ: ಎಂ, ಎನ್, ಎಲ್, ಎಸ್, ಎಚ್ ಎಲ್ಲವೂ ಕನ್ನಡದಲ್ಲಿ 'ಎ' ಲೆಕ್ಕಕ್ಕೇ ಬೀಳುತ್ತವೆ.

ಈಗ ಆ ನಾಲ್ಕು ಸಾಲಿಗೆ ಬರೋಣ. ಯಾವುದೋ ಕಚೇರಿಯಿಂದ ಬಂದ ಊರುಗಳ ಪಟ್ಟಿಯಲ್ಲಿ "ಕ*" ಕೊಟ್ಟಾಗ ಸೊನ್ನೆ ಬಂತು, 'ಫಾಂಟ್ ಸಮಸ್ಯೆ ಇರಬಹುದು' ಅಂತ ಬರೆದು ಮುಗಿಸಿದ್ದೀರಿ. ಲೇಖನ ಶುರುವಾಗಬೇಕಾದದ್ದೇ ಅಲ್ಲಿ, ಅಲ್ವಾ? ಅದು ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಚಿತ್ರ ಅಂಟಿಸಿದ ಫಾಂಟಿನ) ಕಡತವೇ ಇರಬೇಕು. ಆ ಫಾಂಟಿನಲ್ಲಿ ತೆರೆಯ ಮೇಲೆ ನಮಗೆ ಕ ಕಾಣುತ್ತದೆ. ಎಕ್ಸೆಲ್‌ಗೆ ಕಾಣುವುದು ಇಂಗ್ಲಿಷಿನ ದೊಡ್ಡ ಪಿ. ಸರಿ, ಪಿ ಹಾಕಿ ಎಣಿಸೋಣ ಅಂದರೆ ಕಿತ್ತೂರು ಸಿಗುವುದಿಲ್ಲ, ಏಕೆಂದರೆ 'ಕಿ'ಗೆ ಅಲ್ಲಿ ಬೇರೆಯೇ ಅಕ್ಷರ, ದೊಡ್ಡ ಕ್ಯೂ. ಕ್ಯೂ ಕೂಡ ಸೇರಿಸಿದರೆ ಡಂಬಳ ನುಗ್ಗುತ್ತದೆ! 'ಡ' ಅಲ್ಲಿ ಚಿಕ್ಕ ಕ್ಯೂ, ಕೌಂಟ್‌ಇಫ್‌ಗೆ ದೊಡ್ಡಕ್ಷರ ಚಿಕ್ಕಕ್ಷರದ ಭೇದವೇ ಇಲ್ಲ. ನಿಮಗೆ ಬಂದದ್ದು ಸೊನ್ನೆ, ತಪ್ಪು ಅಂತ ತಕ್ಷಣ ಗೊತ್ತಾಯಿತು. ಪಿ, ಕ್ಯೂ ಹಾಕಿಕೊಂಡು ಎಣಿಸಿದವನಿಗೆ ಸರಿ ಅನ್ನಿಸುವಂಥ ಒಂದು ಸಂಖ್ಯೆ ಬರುತ್ತದೆ, ಅವನು ಅದನ್ನು ವರದಿಯಲ್ಲಿ ಹಾಕಿ ಸಹಿ ಮಾಡಿಬಿಡುತ್ತಾನೆ. ಇದಕ್ಕೆ ಸೂತ್ರದಲ್ಲಿ ಮದ್ದಿಲ್ಲ. ಕಡತವನ್ನು ಮೊದಲು ಯೂನಿಕೋಡ್‌ಗೆ ಬದಲಾಯಿಸಿ ಆಮೇಲೆ ಎಣಿಸಬೇಕು. ಇದನ್ನು ವಿವರವಾಗಿ, ನೀವೇ ಮಾಡಿ ನೋಡಿ ಬರೆಯಿರಿ.

ಒಂದು ಸಣ್ಣ ಮಾತು. ಹೆಸರಿನ ಶುರುವಿನಲ್ಲಿ ಕಣ್ಣಿಗೆ ಕಾಣದ ಖಾಲಿ ಜಾಗ ಇದ್ದರೂ ಲೆಕ್ಕ ತಪ್ಪುತ್ತದೆ, ಅದನ್ನು ತೆಗೆಯಲು ಟ್ರಿಮ್ ಸೂತ್ರ ಇದೆ. ಎರಡು ಸಾಲು ಸಾಕು, ನಿಮ್ಮ ಹಾಗೆ ಒಂದು ಪುಟ ಬೇಡ.

ಭಾಷೆಯ ಬಗ್ಗೆ ಜಾಸ್ತಿ ತಕರಾರಿಲ್ಲ. 'ಗಣನಾ ಪ್ರಕ್ರಿಯೆಯನ್ನು ಕೈಗೊಳ್ಳಬಹುದಾಗಿದೆ' ಅಂತ ಬರೆದ ಕಡೆಯೆಲ್ಲ 'ಎಣಿಸಬಹುದು' ಅಂತ ತಿದ್ದಿ. ಎಂಟುನೂರು ಪದ ಮೀರಬೇಡಿ. ಲೇಖನದ ಜೊತೆ ಆ ಊರುಗಳ ಕಡತವನ್ನೂ ಕಳಿಸಿ, ಸೂತ್ರಗಳನ್ನು ಇಲ್ಲಿ ಓಡಿಸಿ ನೋಡಿಯೇ ಅಚ್ಚಿಗೆ ಕೊಡುತ್ತೇವೆ.

ಇಂತಿ,
ಸಂಪಾದಕ