ಮಣ್ಣಿಗೆ ಹಾಕಿದ ಡ್ಯಾಜೊಮೆಟ್ ಮೈಯೊಳಗೆ ಹೋದರೆ ಏನಾಗುತ್ತದೆ?

ಅರಕಲಗೂಡಿನ ಹತ್ತಿರ ನಿಮ್ಮ ಮಾವನವರು ತಂಬಾಕಿನ ಸಸಿಮಡಿಗೆ ಮಣ್ಣಿನ ಹುಳ, ಬೂಸ್ಟು ಸಾಯಿಸುವ ಡ್ಯಾಜೊಮೆಟ್ ಹರಳು ಹಾಕಿ ಟಾರ್ಪಾಲು ಹೊದಿಸಿದ್ದರು. ನಿನ್ನೆ ಅದನ್ನು ತೆಗೆಯುವಾಗ ಕಣ್ಣು ಉರಿ, ಕೆಮ್ಮು ಬಂತು ಅಂತ ಬರೆದಿದ್ದೀರಿ. ವಿಷ ಮೈಯಲ್ಲಿ ಎಷ್ಟು ದಿನ ಇರುತ್ತದೆ, ಮಜ್ಜಿಗೆ ಕುಡಿದರೆ ಇಳಿಯುತ್ತಾ ಅನ್ನುವುದು ನಿಮ್ಮ ಪ್ರಶ್ನೆ.

ಅವರಿಗೆ ಇನ್ನೂ ಕೆಮ್ಮು ಇದ್ದರೆ, ಎದೆ ಬಿಗಿದಂತಿದ್ದರೆ, ಏದುಸಿರು ಬರುತ್ತಿದ್ದರೆ ಮುಂದಿನದನ್ನು ಆಮೇಲೆ ಓದಿ. ಮಣ್ಣಿಗೆ ಹಾಕಿದ ಔಷಧಿಯ ಪ್ಯಾಕೆಟ್ ಜೊತೆಯಲ್ಲೇ ಇಟ್ಟುಕೊಂಡು ಹಾಸನದ ಹಿಮ್ಸ್ ಆಸ್ಪತ್ರೆಗೆ ಹೊರಡಿ. ಡ್ಯಾಜೊಮೆಟ್ ಬಿಡುವ ಗ್ಯಾಸ್ ಜಾಸ್ತಿ ಒಳಗೆ ಹೋದವರಿಗೆ ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆ ಬಿಟ್ಟು ಶುರುವಾಗಬಹುದು.

ನಾನು ಹಾಸನದಲ್ಲಿ ಪದವಿ ಮಕ್ಕಳಿಗೆ ಜೀವರಸಾಯನ ಪಾಠ ಮಾಡುತ್ತೇನೆ. ಡಾಕ್ಟರ್ ಅಲ್ಲ. ಮೈಯೊಳಗೆ ನಡೆಯುವುದನ್ನು ಮಾತ್ರ ಹೇಳಬಲ್ಲೆ.

ಡ್ಯಾಜೊಮೆಟ್ ಒದ್ದೆ ಮಣ್ಣಿನಲ್ಲಿ ಒಡೆದು ಮೀಥೈಲ್ ಐಸೊಥಯೊಸಯನೇಟ್ ಎಂಬ ಗ್ಯಾಸ್ ಬಿಡುತ್ತದೆ. ಮಣ್ಣಿನ ಜಂತುಹುಳ, ಬೂಸ್ಟು, ಕಳೆಬೀಜ ಎಲ್ಲವನ್ನೂ ಸಾಯಿಸುವುದು ಅದೇ. ಸಾಸಿವೆ ಅರೆಯುವಾಗ ಮೂಗಿಗೆ ಹೊಡೆಯುತ್ತದಲ್ವಾ, ಆ ಘಾಟಿನ ಅಣುವೂ ಇದೇ ಕುಟುಂಬದ್ದು. 1984ರಲ್ಲಿ ಭೋಪಾಲದಲ್ಲಿ ಸೋರಿದ್ದು ಮೀಥೈಲ್ ಐಸೊಸಯನೇಟ್. ಹೆಸರು ಹತ್ತಿರ, ವಸ್ತು ಬೇರೆ.

ಈ ಅಣುವಿಗೆ ಗಂಧಕ ಕಂಡರೆ ಸಾಕು, ಹೋಗಿ ಅಂಟಿಕೊಳ್ಳುತ್ತದೆ. ನಮ್ಮ ಪ್ರೋಟೀನುಗಳಲ್ಲಿ ಗಂಧಕ ಇದೆ. ಕಣ್ಣು, ಗಂಟಲು, ಶ್ವಾಸನಾಳ ಉರಿಯುವುದು ಅದಕ್ಕೇ. ಇದನ್ನು ತಡೆಯಲು ಪ್ರತಿ ಜೀವಕೋಶದಲ್ಲೂ ಗ್ಲುಟಾಥಯೋನ್ ಇರುತ್ತದೆ. ಮೂರು ಅಮೈನೋ ಆಮ್ಲ ಸೇರಿ ಆದ ಪುಟ್ಟ ಅಣು, ನಡುವೆ ಗಂಧಕ. ವಿಷ ಪ್ರೋಟೀನಿನ ಬದಲು ಇದಕ್ಕೆ ಅಂಟಿದರೆ ಬಚಾವ್. ಆಮೇಲೆ ಈ ಜೋಡಿಯಿಂದ ಎರಡು ಅಮೈನೋ ಆಮ್ಲ ಒಂದೊಂದಾಗಿ ಕಳಚುತ್ತವೆ. ಉಳಿದ ಸಿಸ್ಟೀನ್ ತುಂಡಿಗೆ ಒಂದು ಅಸಿಟೈಲ್ ಗುಂಪು ಸೇರಿ ಮರ್ಕ್ಯಾಪ್ಟ್ಯೂರಿಕ್ ಆಮ್ಲ ಆಗುತ್ತದೆ. ಅದು ಮೂತ್ರದಲ್ಲಿ ಹೋಗುತ್ತದೆ. ಸ್ವಲ್ಪ ಭಾಗ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಲ್ಲಿ ಹೊರಬೀಳುತ್ತದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಹೆಚ್ಚಿನ ಪಾಲು ಒಂದೆರಡು ದಿನದಲ್ಲೇ ಹೊರಗೆ ಹೋಗಿದೆ.

ಒಂದು ತೊಡಕಿದೆ. ಗ್ಲುಟಾಥಯೋನ್ ಜೊತೆಗಿನ ಈ ಬಂಧ ಗಟ್ಟಿಯಲ್ಲ. ಬೇರೆ ಕಡೆ ಹೋಗಿ ಬಿಚ್ಚಿಕೊಂಡು, ವಿಷ ಮತ್ತೆ ಬಿಡುಗಡೆ ಆಗಬಹುದು.

ಹಾಗಾಗಿ "ಎಷ್ಟು ದಿನ ಇರುತ್ತದೆ" ಅನ್ನುವುದಕ್ಕಿಂತ "ಇದ್ದಷ್ಟು ಹೊತ್ತು ಏನು ಮಾಡಿತು" ಅನ್ನುವುದು ಮುಖ್ಯ. ವಿಷ ಹೋದ ಮೇಲೂ ಗಾಯ ಉಳಿಯುತ್ತದೆ. 1991ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೈಲು ಹಳಿ ತಪ್ಪಿ, ಇದೇ ಗ್ಯಾಸ್ ಬಿಡುವ ಮೆಟಮ್ ಸೋಡಿಯಂ ಸುಮಾರು 72,000 ಲೀಟರ್ ಸ್ಯಾಕ್ರಮೆಂಟೊ ನದಿಗೆ ಸುರಿಯಿತು. ದಡದ ಊರುಗಳಲ್ಲಿ ಕೆಲವರಿಗೆ ಅದರ ನಂತರ ಆಸ್ತಮಾ ಬಂದು ಹಾಗೇ ಉಳಿದುಬಿಟ್ಟಿತು. ಮಾವನವರ ಉಸಿರಾಟವನ್ನು ಇನ್ನು ಕೆಲವು ವಾರ ಗಮನಿಸಿ ಅನ್ನುವುದು ಇದಕ್ಕೇ.

ಮಜ್ಜಿಗೆ ವಿಷಯ: ಕುಡಿಯಲಿ, ತೊಂದರೆಯಿಲ್ಲ. ಆದರೆ ಗ್ಯಾಸ್ ಹೋಗಿರುವುದು ಉಸಿರಿನ ದಾರಿಯಲ್ಲಿ, ಹೊಟ್ಟೆಗೆ ಕುಡಿದದ್ದು ಅದನ್ನು ಎಳೆದು ತರುವುದಿಲ್ಲ. ಇದಕ್ಕೆಂದೇ ಪ್ರತಿವಿಷವೂ ಇಲ್ಲ, ಡಾಕ್ಟರ್ ಉಸಿರಾಟಕ್ಕೆ ಆಸರೆ ಕೊಡುತ್ತಾರೆ. ಉಪವಾಸ ಮಾತ್ರ ಬೇಡ, ಖಾಲಿ ಹೊಟ್ಟೆಯಲ್ಲಿ ಗ್ಲುಟಾಥಯೋನ್ ಕಡಿಮೆಯಾಗುತ್ತದೆ.

ಪ್ಯಾಕೆಟ್ ತಗೊಂಡು ಹೋಗಿ ಅಂದದ್ದಕ್ಕೂ ಕಾರಣ ಇದೆ. ಹಾಕಿದ್ದು ಮೀಥೈಲ್ ಬ್ರೋಮೈಡ್ (ಮಣ್ಣಿನ ಹುಳ ಸಾಯಿಸಲು ಬಳಸುತ್ತಿದ್ದ ಇನ್ನೊಂದು ಗ್ಯಾಸ್) ಆಗಿದ್ದರೆ ಕಥೆಯೇ ಬೇರೆ. ಅದಕ್ಕೆ ವಾಸನೆ ಗೊತ್ತಾಗುವುದಿಲ್ಲ, ನರಗಳಿಗೆ ಪೆಟ್ಟು ತಡವಾಗಿ ಕಾಣುತ್ತದೆ, ಅದು ಬಿಡುವ ಬ್ರೋಮೈಡ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 12 ದಿನ ಬೇಕು. ಯಾವ ಔಷಧಿ ಅಂತ ಡಾಕ್ಟರಿಗೆ ಗೊತ್ತಾಗಲೇಬೇಕು.

ಮುಂದಿನ ಸಲ ಟಾರ್ಪಾಲು ತೆಗೆಯುವಾಗ ಗಾಳಿ ಬರುವ ಕಡೆ ನಿಲ್ಲಲಿ. ಬಟ್ಟೆ ಮಾಸ್ಕ್ ಗ್ಯಾಸ್ ತಡೆಯುವುದಿಲ್ಲ, ಇದ್ದಿಲ ಫಿಲ್ಟರ್ ಇರುವ ಗ್ಯಾಸ್ ಮಾಸ್ಕ್ ಮತ್ತು ಕಣ್ಣು ಪೂರ್ತಿ ಮುಚ್ಚುವ ಕನ್ನಡಕ ಬೇಕು. ಸಣ್ಣ ಮಡಿಯಾದರೆ ಡ್ಯಾಜೊಮೆಟ್ ಬದಲು ಬೇಸಿಗೆಯಲ್ಲಿ ಮಣ್ಣು ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ 4ರಿಂದ 6 ವಾರ ಬಿಸಿಲಿಗೆ ಬಿಡಿ. ನನ್ನ ಕೇಳಿದರೆ ಅದೇ ಮೇಲು.