ಅಪ್ಪನಿಗೆ ಕ್ಯಾನ್ಸರ್ ಬಂದಿದ್ದು ಊಟದಿಂದಲಾ?

ಅಪ್ಪನಿಗೆ ಪ್ಯಾಂಕ್ರಿಯಾಸ್ (ಹೊಟ್ಟೆಯ ಹಿಂದಿರುವ ಮೇದೋಜ್ಜೀರಕ ಗ್ರಂಥಿ) ಕ್ಯಾನ್ಸರ್ ಬಂದಿದೆ, ತಿಂದಿದ್ದರಿಂದಲೇ ಬಂತಾ, ನಾನು ಏನೇನು ಬಿಡಬೇಕು ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಅಪ್ಪನ ರಿಪೋರ್ಟ್ ಬಂದ ರಾತ್ರಿ ಅಮ್ಮ ಎಣ್ಣೆ ಡಬ್ಬಿ ಹಿಡಿದುಕೊಂಡು ಸುಮ್ನೆ ನಿಂತಿದ್ದಳು. "ನಾನೇ ಜಾಸ್ತಿ ಹಾಕ್ತಿದ್ದೆನೇನೋ" ಅಂದಳು. ಅದಕ್ಕೇ ಮೊದಲು ಇದನ್ನು ಹೇಳಿಬಿಡುತ್ತೇನೆ. ಇಂಥದ್ದು ತಿಂದಿದ್ದಕ್ಕೇ ಇವರಿಗೆ ಈ ಕ್ಯಾನ್ಸರ್ ಬಂತು ಅಂತ ಯಾವ ಡಾಕ್ಟರೂ ಹೇಳಲಾರರು. ಅಡುಗೆ ಮಾಡಿದವರನ್ನು ದೂರಬೇಡಿ. ಅವರು ತಮ್ಮನ್ನೇ ಹಳಿದುಕೊಳ್ಳುತ್ತಾ ಕೂರಲೂ ಬಿಡಬೇಡಿ.

ಹಾಗಂತ ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಅದು ಹೆಚ್ಚಾಗಿ ಸುತ್ತುದಾರಿಯಲ್ಲಿ ಬರುತ್ತದೆ. ವರ್ಷಗಟ್ಟಲೆ ಜಾಸ್ತಿ ತಿಂದರೆ ಬೊಜ್ಜು ಬೆಳೆಯುತ್ತದೆ, ಸಕ್ಕರೆ ಕಾಯಿಲೆಗೂ ದಾರಿಯಾಗುತ್ತದೆ. ಇವೆರಡೂ ಅಪಾಯ ಹೆಚ್ಚಿಸುತ್ತವೆ. ವಿಪರೀತ ಕುಡಿದರೆ ಪ್ಯಾಂಕ್ರಿಯಾಸ್ ಮತ್ತೆ ಮತ್ತೆ ಊದಿಕೊಂಡು ಹಾಳಾಗುತ್ತದೆ, ಅಲ್ಲಿಂದಲೂ ಅಪಾಯ ಏರುತ್ತದೆ.

ನೇರವಾಗಿ ಬೆರಳು ತೋರಿಸಬಹುದಾದದ್ದು ಸಾಸೇಜ್, ಬೇಕನ್, ಹ್ಯಾಮ್ ಥರದ ಸಂಸ್ಕರಿಸಿದ ಮಾಂಸ. ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ 2012ರಲ್ಲಿ ಲೆಕ್ಕ ಹಾಕಿದಾಗ, ದಿನಕ್ಕೆ 50 ಗ್ರಾಂ ಜಾಸ್ತಿ ತಿಂದರೆ ಅಪಾಯ ಸುಮಾರು 19% ಹೆಚ್ಚು ಅಂತ ಕಂಡಿತು. ಈ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ಅಮೆರಿಕದ ಲೆಕ್ಕದಲ್ಲಿ ಇಡೀ ಜೀವಮಾನದಲ್ಲಿ ಈ ಕ್ಯಾನ್ಸರ್ ಬರುವುದು 100 ಜನರಲ್ಲಿ ಇಬ್ಬರಿಗಿಂತ ಕಡಿಮೆ. 19% ಏರುವುದು ಆ ಚಿಕ್ಕ ಸಂಖ್ಯೆಯ ಮೇಲೆ.

ಕಾಫಿ ಬಿಡಬೇಕಾ ಅಂತ ಅಪ್ಪ ತುಂಬಾ ಕೇಳುತ್ತಿದ್ದರು. ಈ ಭಯ ಹುಟ್ಟಿದ್ದು 1981ರಲ್ಲಿ. ಕಾಫಿಗೂ ಈ ಕ್ಯಾನ್ಸರ್‌ಗೂ ನಂಟಿದೆ ಅಂತ ಹಾರ್ವರ್ಡ್ ಸಂಶೋಧಕರು ಆಗ ಬರೆದಿದ್ದರು. ಆದರೆ ಹೋಲಿಕೆಗೆ ಆರಿಸಿಕೊಂಡವರಲ್ಲಿ ಹೊಟ್ಟೆ ತೊಂದರೆಯವರು ಬಹಳ ಇದ್ದರು. ಅಂಥವರು ಮೊದಲೇ ಕಾಫಿ ಕಡಿಮೆ ಮಾಡಿರುತ್ತಾರೆ. ಅವರ ಪಕ್ಕದಲ್ಲಿ ಯಾರನ್ನು ನಿಲ್ಲಿಸಿದರೂ ಜಾಸ್ತಿ ಕುಡಿಯುವವರಂತೆ ಕಾಣುತ್ತಾರೆ, ಅಲ್ವಾ? 1986ರಲ್ಲಿ ಅದೇ ತಂಡ ಮತ್ತೆ ಹುಡುಕಿದಾಗ ಆ ನಂಟು ಸಿಗಲಿಲ್ಲ. ಆಮೇಲೆ ಅಪ್ಪ ನೆಮ್ಮದಿಯಾಗಿ ಕುಡಿದರು.

ಬಿಡುವುದಾದರೆ ಮೊದಲು ಸಿಗರೇಟು ಬಿಡಿ. ಸೇದುವವರಿಗೆ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು. ಯಾವ ತರಕಾರಿಯೂ ಅದನ್ನು ಸರಿದೂಗಿಸುವುದಿಲ್ಲ. ತಟ್ಟೆಯಲ್ಲಿ ತರಕಾರಿ, ಕಾಳು, ಹಣ್ಣು ಜಾಸ್ತಿ ಇರಲಿ, ತೂಕ ಹತೋಟಿಯಲ್ಲಿರಲಿ. ನಿಮ್ಮ ಅಪ್ಪನ ಕಾಯಿಲೆಯ ವಿಷಯ ನಿಮ್ಮ ಡಾಕ್ಟರಿಗೂ ಹೇಳಿ. ಈ ಕ್ಯಾನ್ಸರ್ ಬಂದ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಇದು ವಂಶದ ಕಾರಣದಿಂದ ಬಂದಿರುತ್ತದೆ. ಜೀನ್ ಪರೀಕ್ಷೆ ಬೇಕಾ ಅಂತ ಅವರನ್ನೇ ಕೇಳಿ.

ಇನ್ನೊಂದು ಮಾತು. ರೋಗ ಗೊತ್ತಾಗುವ ಕೆಲವು ತಿಂಗಳ ಮುಂಚೆ ಅಪ್ಪನಿಗೆ ಇದ್ದಕ್ಕಿದ್ದಂತೆ ಸಕ್ಕರೆ ಕಾಯಿಲೆ ಕಾಣಿಸಿತ್ತು. ಬೆಲ್ಟಿಗೆ ಎರಡು ಹೊಸ ತೂತು ಹಾಕಿಸಿದ್ದರು. ಪಥ್ಯ ಫಲ ಕೊಡುತ್ತಿದೆ ಅಂತ ನಾವು ಖುಷಿಪಟ್ಟಿದ್ದೆವು. ನಿಮ್ಮ ಮನೆಯಲ್ಲಿ ಐವತ್ತು ದಾಟಿದವರಿಗೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದು, ಜೊತೆಗೆ ತೂಕವೂ ಇಳಿಯುತ್ತಿದ್ದರೆ, ಎರಡನ್ನೂ ಒಟ್ಟಿಗೆ ಡಾಕ್ಟರ್ ಮುಂದೆ ಹೇಳಿ.